ನಂಜು, ಉಪ್ಪುನೀರು ಮತ್ತು ಒಂದು ಹಳದಿ ಬಾಟಲಿ

ನಮ್ಮ ಭಾಲ್ಕಿ ಕಡೆಯ ಹೆಂಗಸರ ಬಾಯಲ್ಲಿ ‘ನಂಜು’ ಎಂಬ ಮಾತು ದಿನಕ್ಕೊಂದು ಸಲವಾದರೂ ಬರುತ್ತದೆ. ಮುಳ್ಳು ನಟ್ಟು ಕಾಲು ಬಾತರೆ ನಂಜು, ಕೂಸಿನ ಹೊಕ್ಕುಳು ಹಸಿಯಾಗಿಯೇ ಉಳಿದರೆ ನಂಜು, ಬಾಣಂತಿಗೆ ಚಳಿ ಬಂದು ಮೈ ಕಾದರೆ ಅದೂ ನಂಜು. ಬದನೆಕಾಯಿ ತಿಂದರೆ ನಂಜು ಏರುತ್ತದೆಂದು ಪಥ್ಯ ಹೇಳುವವರಿಗೂ ಕೊರತೆಯಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ‘ಸೆಪ್ಸಿಸ್’ ಎಂದರೆ ಮಾತ್ರ ನಮಗೆ ಗಾಬರಿ. ಗ್ರೀಕರ ಆ ಹಳೆಯ ಮಾತಿಗೂ ಕೊಳೆಯುವುದು ಎಂದೇ ಅರ್ಥ. ಈಗಿನ ವೈದ್ಯರು ಅದಕ್ಕೆ ಇನ್ನೊಂದು ಸೂಕ್ಷ್ಮವನ್ನು ಸೇರಿಸಿದ್ದಾರೆ: ರೋಗಾಣು ಒಳಗೆ ಬಂದಾಗ ಅದರ ಮೇಲೆ ಯುದ್ಧಕ್ಕೆ ಹೊರಟ ನಮ್ಮ ಶರೀರವೇ ಅಳತೆ ತಪ್ಪಿ ತನ್ನ ಅಂಗಾಂಗಗಳನ್ನು ಕೆಡಿಸಿಕೊಳ್ಳುತ್ತದಂತೆ.

ನನ್ನ ತವರು ಮೆಹಕರ. ಭಾಲ್ಕಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಅಜ್ಜನ ಪೆಟ್ಟಿಗೆಯ ಕಾಗದಗಳಲ್ಲಿ ಉರ್ದು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ರಾಜ್ಯದವರು, 1956ರ ನವೆಂಬರಿನಿಂದ ಮೈಸೂರಿನವರು. ಆಳುವವರು ಬದಲಾದರೂ ಅಜ್ಜಿಯ ಲೆಕ್ಕ ಬೇರೆಯೇ ಇತ್ತು. ಓಣಿಯ ಒಂದೊಂದು ಮನೆ ತೋರಿಸಿ, “ಈ ಮನಿ ಸೊಸಿ ಹತ್ತ ದಿನದ ಬಾಣಂತಿ, ನಂಜ ಏರಿ ಹೋದಳು” ಎನ್ನುತ್ತಿದ್ದಳು. ಹಾಗೆ ಹೋದವರಲ್ಲಿ ನನ್ನ ಸೋದರತ್ತೆಯೂ ಒಬ್ಬಳು. ಯುರೋಪಿನ ದೊಡ್ಡ ನಗರಗಳಲ್ಲೂ ಇದೇ ಕತೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದ ಕೈಯನ್ನು ಸುಣ್ಣದ ಕ್ಲೋರಿನ್ ನೀರಿನಲ್ಲಿ ತೊಳೆಯದೆ ಬಾಣಂತಿಯನ್ನು ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಿದ. ಸಾವು ಸರ್ರನೆ ಇಳಿಯಿತು. ಅದು ನಂಜು ಬಾರದಂತೆ ತಡೆಯುವ ದಾರಿ. ಬಂದ ಮೇಲೆ ಏನು ಮಾಡಬೇಕೆಂಬುದು ಬೇರೆಯ ಕತೆ.

ಆ ಕತೆ ಉಪ್ಪುನೀರಿನಿಂದ ಶುರುವಾಗುತ್ತದೆ, ಅದೂ ನಂಜಿಗಲ್ಲ, ಕಾಲರಾಕ್ಕೆ. ಕಾಲರಾ ರೋಗಿಗಳ ರಕ್ತದಲ್ಲಿ ನೀರೂ ಉಪ್ಪೂ ಕಡಿಮೆಯಾಗಿರುವುದನ್ನು ಓಶಾನೆಸ್ಸಿ ಎಂಬ ತರುಣ ಕಂಡುಕೊಂಡ. ಮುಂದೆ ಇದೇ ಓಶಾನೆಸ್ಸಿ ಕಲಕತ್ತೆಗೆ ಬಂದು ನಮ್ಮ ದೇಶಕ್ಕೆ ತಂತಿ ವ್ಯವಸ್ಥೆ ಹಾಕಿಸಿದ. ಅವನ ಮಾತು ಹಿಡಿದು 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ಡಾಕ್ಟರ್ ಥಾಮಸ್ ಲಾಟ್ಟಾ ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೇ ಬಿಟ್ಟ. ಅವನ ಮೊದಲ ರೋಗಿ ಒಬ್ಬ ಮುದುಕಿ. ನಾಡಿ ಸಿಗದಂತಾಗಿದ್ದ ಆ ಹೆಂಗಸು ಅರ್ಧ ಗಂಟೆಯಲ್ಲಿ ಕಣ್ಣು ಬಿಟ್ಟಳು, ಮೈ ಬೆಚ್ಚಗಾಯಿತು, ಮಾತಾಡಿದಳು. ಗೆದ್ದೆನೆಂದುಕೊಂಡು ಲಾಟ್ಟಾ ಅವಳನ್ನು ಆಸ್ಪತ್ರೆಯವರ ಕೈಗೆ ಒಪ್ಪಿಸಿ ಹೊರಟ. ವಾಂತಿ ಭೇದಿ ಮರುಕಳಿಸಿದವು, ಮತ್ತೆ ನೀರು ಹಾಕುವವರಿರಲಿಲ್ಲ. ಐದೂವರೆ ಗಂಟೆಯಲ್ಲಿ ಅವಳು ತೀರಿಕೊಂಡಳು. ಆಮೇಲಿನ ಕೆಲವರು ಅದೇ ಉಪ್ಪುನೀರಿನಿಂದ ಬದುಕಿದರು. ಇವತ್ತು ನಮ್ಮ ಕಡೆ ಸಣ್ಣ ಜ್ವರಕ್ಕೂ “ಒಂದ ಸಲಾಯಿನ್ ಹಚ್ರಿ ಡಾಕ್ಟ್ರೇ” ಎಂದು ಗಂಟು ಬೀಳುತ್ತಾರಲ್ಲ, ಆ ಸಲಾಯಿನ್ನಿನ ಮೊದಲ ಅಜ್ಜಿ ಇವಳು. ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಉಪ್ಪುನೀರಿಗೆ ಒಂದು ದೋಷ ಉಂಟು. ಅದು ರಕ್ತನಾಳದೊಳಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಹೊಸ ಮಣ್ಣಿನ ಗಡಿಗೆಯಲ್ಲಿ ನೀರು ಜಿನುಗುವಂತೆ ಹೊರಗೆ ಜಿನುಗಿ ಮೈ ಬಾವು ಬರುತ್ತದೆ. ಹಾಗಾದರೆ ನಮ್ಮ ಸ್ವಂತ ರಕ್ತದ ನೀರು ಒಳಗೆ ಹೇಗೆ ನಿಲ್ಲುತ್ತದೆ? ರಕ್ತದ ತಿಳಿಯಲ್ಲಿರುವ ಪ್ರೋಟೀನು ನೀರನ್ನು ಹಿಡಿದಿಡುತ್ತದೆಂದು 1896ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ತೋರಿಸಿಕೊಟ್ಟ. ಆ ಪ್ರೋಟೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್. ನಮ್ಮ ಪಿತ್ತಜನಕಾಂಗ ಅದನ್ನು ದಿನವೂ ತಯಾರಿಸುತ್ತದೆ. ಲ್ಯಾಟಿನ್ನಿನಲ್ಲಿ ಬಿಳುಪು ಎಂಬ ಅರ್ಥದ ಮಾತಿನಿಂದ, ತತ್ತಿಯ ಬಿಳಿ ಲೋಳೆಯ ಹೆಸರಿನಿಂದ ಬಂದ ಪದವಿದು. ಹೆಸರಿನ ಈ ನಂಟಿನಿಂದಲೇ ಇರಬೇಕು, ಯಾರಿಗಾದರೂ ಆಲ್ಬುಮಿನ್ ಕಡಿಮೆಯಾಗಿದೆ ಎಂದೊಡನೆ “ತತ್ತಿ ತಿನಸ್ರಿ” ಎಂದು ಹೇಳುವವರು ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ನಂಜಿನಲ್ಲಿ ಅದು ಇಳಿಯುವುದು ಊಟದ ಕೊರತೆಯೊಂದರಿಂದಲ್ಲ. ನಾಳಗಳ ಗೋಡೆ ಸಡಿಲಾಗಿ ಅದು ಹೊರಗೆ ಸೋರಿಹೋಗುತ್ತದೆ. ಆ ಹೊತ್ತಿನಲ್ಲಿ ತತ್ತಿ ತಿಂದು ತುಂಬಿಸುವಂಥದ್ದಲ್ಲ ಅದು.

ಮನುಷ್ಯರ ರಕ್ತದಿಂದ ಆಲ್ಬುಮಿನ್ನನ್ನು ಬೇರ್ಪಡಿಸಿ ಬಾಟಲಿಗೆ ತುಂಬುವ ಉಪಾಯ ಯುದ್ಧದ ಕೂಸು. 1940ರ ಸುಮಾರಿಗೆ ಹಾರ್ವರ್ಡಿನ ಎಡ್ವಿನ್ ಕೋನ್ ತಣ್ಣನೆಯ ಆಲ್ಕೋಹಾಲಿನಲ್ಲಿ ರಕ್ತದ ತಿಳಿಯನ್ನು ಹಂತಹಂತವಾಗಿ ಒಡೆಸಿ, ಐದನೆಯ ಪಾಲಾಗಿ ಆಲ್ಬುಮಿನ್ ತೆಗೆದ. ಹಾಲು ಒಡೆಸಿ ಛನ್ನಾ ತೆಗೆಯುವ ನಮಗೆ ಇದು ತೀರ ಅಪರಿಚಿತ ವಿದ್ಯೆಯಲ್ಲ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದಾಗ ರಾವ್ಡಿನ್ ಎಂಬ ಶಸ್ತ್ರವೈದ್ಯ ಈ ಹೊಸ ಬಾಟಲಿಗಳನ್ನು ಅಲ್ಲಿಗೊಯ್ದು ಮೈ ಸುಟ್ಟ ನಾವಿಕರಿಗೆ ಕೊಟ್ಟ. ಅವರು ಚೇತರಿಸಿಕೊಂಡದ್ದನ್ನು ಕಂಡವರಿಗೆ ಅದು ಅಮೃತವೆಂದೇ ತೋರಿತು. ಸಣ್ಣ ಬಾಟಲಿ, ಕೆಡುವುದಿಲ್ಲ, ಎಲ್ಲಿಗಾದರೂ ಒಯ್ಯಬಹುದು. 60 ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸಿದರೂ ತಾಳುತ್ತದೆಯಾದ್ದರಿಂದ ರೋಗಾಣುಗಳ ಭಯವೂ ಕಡಿಮೆ.

ಇದರಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಒಂದು ಸಂಗತಿ ಹೇಳಿಬಿಡುತ್ತೇನೆ. ಫ್ರಾನ್ಸಿನ ಮೆರಿಯು ಸಂಸ್ಥೆಯವರು ಹಲವು ವರ್ಷ ಆಲ್ಬುಮಿನ್ನನ್ನು ಹೆರಿಗೆಯ ಮಾಸಿನಿಂದ ತೆಗೆಯುತ್ತಿದ್ದರು. ಹೆರಿಗೆ ಆಸ್ಪತ್ರೆಗಳಿಂದ ಮಾಸು ಹೆಪ್ಪುಗಟ್ಟಿಸಿ ತರಿಸಿಕೊಳ್ಳುತ್ತಿದ್ದರು. ಸೋಂಕಿನ ಭಯದಿಂದ 1990ರ ದಶಕದ ಮೊದಲ ವರ್ಷಗಳಲ್ಲಿ ಅದು ನಿಂತಿತು. ನಮ್ಮಲ್ಲಿ ಮಾಸನ್ನು ನಾಯಿ ನರಿ ಮುಟ್ಟದಂತೆ ಆಳವಾಗಿ ಹೂಳುತ್ತಾರೆ. ಅಲ್ಲಿ ಅದೇ ಮಾಸು ಯಾವುದೋ ಊರಿನ ರೋಗಿಯ ನಾಳಕ್ಕೆ ಹೋಗುತ್ತಿತ್ತು. ಹೆತ್ತ ತಾಯಂದಿರಲ್ಲಿ ಎಷ್ಟು ಮಂದಿಯನ್ನು ಕೇಳಿದ್ದರೋ!

ನಮ್ಮ ಮನೆಗೆ ಆ ಬಾಟಲಿ ಬಂದದ್ದು ಕೆಲವು ವರ್ಷಗಳ ಹಿಂದೆ. ಮೆಹಕರದಲ್ಲಿ ನಮ್ಮ ಕಾಕುಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಎರಡನೆಯ ರಾತ್ರಿ ಅವಳು ಮೊಮ್ಮಗಳನ್ನು ಸತ್ತುಹೋದ ತನ್ನ ತಂಗಿಯ ಹೆಸರಿನಿಂದ ಕರೆದಳು. ಜ್ವರದ ಬಡಬಡಿಕೆ ಎಂದುಕೊಂಡು ಮನೆಯವರು ಬೆಳಗಿನವರೆಗೆ ಕಾದರು. ಬೆಳಿಗ್ಗೆ ಕೈಕಾಲು ತಣ್ಣಗಾಗಿದ್ದವು. ಜೀಪು ಮಾಡಿಕೊಂಡು ಓಡಿದರು, ಒಂದು ಊರಿನಿಂದ ಇನ್ನೊಂದು ಊರು, ಕೊನೆಗೆ ದೊಡ್ಡ ಶಹರದ ಖಾಸಗಿ ಆಸ್ಪತ್ರೆಯ ಐಸಿಯು. ಮೂರನೆಯ ದಿನ ಒಳಗಿನಿಂದ ಚೀಟಿ ಬಂತು: ಆಲ್ಬುಮಿನ್, ದಿನಕ್ಕೆ ಎರಡು. ಮೆಡಿಕಲ್ಲಿನಲ್ಲಿ ಬೆಲೆ ಕೇಳಿ ಕಾಕುವಿನ ಮಗ ಅಲ್ಲೇ ಕಟ್ಟೆಯ ಮೇಲೆ ಕುಳಿತನಂತೆ. ಸಾವಿರಗಟ್ಟಲೆ ರೂಪಾಯಿ ಒಂದಕ್ಕೆ. “ಇದು ಯಾಕ ಬೇಕ್ರಿ?” ಎಂದು ಕೇಳಿದ್ದಕ್ಕೆ, “ನಿಮಗ ಪೇಶಂಟ್ ಬೇಕೋ ರೊಕ್ಕ ಬೇಕೋ?” ಎಂಬ ಉತ್ತರ ಸಿಕ್ಕಿತು. ಕಾಕುವಿನ ಪಾಟಲಿ ಒತ್ತೆ ಬಿದ್ದವು. ಬಿಡಿಸಿಕೊಳ್ಳಲು ಎರಡು ತೊಗರಿ ಸುಗ್ಗಿ ಹಿಡಿದವು.

ಕಾಕು ಉಳಿದಳು. “ಆ ಹಳದಿ ಬಾಟ್ಲಿನೇ ಉಳಿಸ್ತು, ಅಕ್ಕಾ” ಎನ್ನುತ್ತಾನೆ ಅವಳ ಮಗ. ಪಕ್ಕದ ಹಾಸಿಗೆಯ ಹೆಂಗಸಿಗೂ ಅದೇ ಬಾಟಲಿ ಏರಿತ್ತು, ಅವಳು ಉಳಿಯಲಿಲ್ಲ. ಒಬ್ಬರು ಉಳಿದರು, ಒಬ್ಬರು ಹೋದರು, ಇಷ್ಟರಿಂದ ಬಾಟಲಿಯ ಬಗ್ಗೆ ಏನನ್ನೂ ಹೇಳುವಂತಿಲ್ಲ. ಪರ್ಲ್ ಹಾರ್ಬರಿನಿಂದ ಮುಂದಿನ ಐವತ್ತು ವರ್ಷ ಲೋಕವೆಲ್ಲ ನಂಬಿದ್ದು ಬಹುಪಾಲು ಇಂಥ ಸಾಕ್ಷಿಯನ್ನೇ.

ಮೊದಲ ಪೆಟ್ಟು ಬಿದ್ದದ್ದು 1998ರಲ್ಲಿ. ಆಗ ಬ್ರಿಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ ಕೊಕ್ರೇನ್ ತಂಡದವರು 30 ಸಣ್ಣ ಅಧ್ಯಯನಗಳ, 1419 ರೋಗಿಗಳ ಲೆಕ್ಕ ಕೂಡಿಸಿ, ಆಲ್ಬುಮಿನ್ ಕೊಟ್ಟ ಪ್ರತಿ 17 ಜನರಲ್ಲಿ ಒಂದು ಸಾವು ಹೆಚ್ಚಾಗಿದೆ ಎಂದರು. ಅಮೃತವೆಂದದ್ದು ವಿಷವೇ? ದೊಡ್ಡ ಗದ್ದಲವಾಯಿತು. ಗದ್ದಲ ಮುಗಿಸಲು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 16 ಐಸಿಯುಗಳ ವೈದ್ಯರು ಒಂದು ಪರೀಕ್ಷೆಗಿಳಿದರು. 6997 ರೋಗಿಗಳು. ಅರ್ಧ ಜನಕ್ಕೆ ಆಲ್ಬುಮಿನ್, ಅರ್ಧಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ. ಆಲ್ಬುಮಿನ್ ಹಳದಿ, ಅಲ್ಲಾಡಿಸಿದರೆ ನೊರೆ ಬರುತ್ತದೆ, ಗುರುತು ಸಿಕ್ಕಿಬಿಡುತ್ತದೆ. ಅದಕ್ಕೇ ಬಾಟಲಿಗಳಿಗೆ ಮುಸುಕು ಹಾಕಿ, ನಳಿಕೆಯಲ್ಲೂ ಬಣ್ಣ ಕಾಣದಂತೆ ಮಾಡಿದ್ದರು. 2004ರಲ್ಲಿ ಮುಸುಕು ತೆಗೆದು ಎಣಿಸಿದರೆ 28 ದಿನಗಳಲ್ಲಿ ಸತ್ತವರು ಆಲ್ಬುಮಿನ್ ಕಡೆ 726, ಉಪ್ಪುನೀರಿನ ಕಡೆ 729. ಅಮೃತವೂ ಅಲ್ಲ, ವಿಷವೂ ಅಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಮಾತ್ರ ಅದು ಕೆಡುಕೆಂದು ಕಂಡಿತು. ತೀವ್ರ ನಂಜಿನವರಲ್ಲಿ ತುಸು ಒಳ್ಳೆಯದೇನೋ ಎನ್ನಿಸಿತು.

ಆ ‘ಏನೋ’ ಬಿಡಿಸಲು ಇಟಲಿಯವರು ನೂರು ಐಸಿಯುಗಳಲ್ಲಿ ನಂಜಿನ ರೋಗಿಗಳನ್ನೇ ಆರಿಸಿ, 1800ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅದು ಗಟ್ಟಿಯಾದ, ನೂರಕ್ಕೆ 20 ಪಾಲಿನ ಆಲ್ಬುಮಿನ್. ತಿಂಗಳೊಳಗಿನ ಸಾವು ಅದನ್ನು ಕೊಟ್ಟವರಲ್ಲಿ ನೂರಕ್ಕೆ 31.8, ಕೊಡದವರಲ್ಲಿ 32. ಬಿ.ಪಿ. ಪೂರಾ ಕುಸಿದವರಲ್ಲಿ ಮೂರು ತಿಂಗಳ ಮೇಲೆ ಸ್ವಲ್ಪ ಲಾಭ ಕಂಡಿತಾದರೂ ಅದು ಪರೀಕ್ಷೆ ಮುಗಿದ ಮೇಲೆ ಹುಡುಕಿ ತೆಗೆದ ಲಾಭ. ಇದಕ್ಕೂ ಮೊದಲು, 2011ರಲ್ಲಿ, ಆಫ್ರಿಕಾದ ಮೂರು ದೇಶಗಳಿಂದ ತಾಯಂದಿರ ಎದೆ ನಡುಗಿಸುವ ಫಲಿತಾಂಶ ಬಂದಿತ್ತು. ತೀವ್ರ ಜ್ವರದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ, ಆಲ್ಬುಮಿನ್ನಾಗಲಿ ಉಪ್ಪುನೀರಾಗಲಿ ಬೇಗಬೇಗನೆ ಏರಿಸಿದವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಕ್ಕಳು ಎರಡು ದಿನಗಳೊಳಗೆ ತೀರಿಕೊಂಡರು. ಹಾಗೆ ಏರಿಸದವರಲ್ಲಿ ಏಳು. ಐಸಿಯು ಇಲ್ಲದ ಆಸ್ಪತ್ರೆಗಳು ಅವು. ನಮ್ಮ ತಾಲ್ಲೂಕುಗಳಿಗೆ ದೂರದ ಮಾತಲ್ಲ. “ಒಂದ ಸಲಾಯಿನ್ ಹಚ್ರಿ” ಎಂಬ ನಮ್ಮ ಒತ್ತಾಯ ನೆನಪಾಗಿ ನನಗೆ ಮೈ ಜುಮ್ಮೆಂದಿತು.

ಹಾಗೆಂದು ಚೀಟಿ ಬಂದೊಡನೆ ಹರಿದು ಎಸೆಯುವಂತಿಲ್ಲ. ಪಿತ್ತಜನಕಾಂಗ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಆ ನೀರಿಗೆ ಸೋಂಕಾದವರಿಗೆ ಆಲ್ಬುಮಿನ್ ನಿಜಕ್ಕೂ ಉಪಕಾರಿ. ನಂಜಿನ ವಿಷಯದಲ್ಲಿ 2021ರ ಅಂತರರಾಷ್ಟ್ರೀಯ ಸೂಚನೆಗಳು ಮೊದಲ ಜಾಗವನ್ನು ಉಪ್ಪುನೀರಿನಂಥ ದ್ರಾವಣಗಳಿಗೇ ಕೊಟ್ಟು, ಅವು ಬಹಳಷ್ಟು ಹೋದ ಮೇಲೂ ಸಾಲದಿದ್ದರೆ ಆಲ್ಬುಮಿನ್ ಯೋಚಿಸಬಹುದು ಎಂದವು, ಅದನ್ನೂ ಮೆತ್ತಗಿನ ದನಿಯಲ್ಲಿ. “ಲಿವರಿಗೆ ಏನಾರ ಆಗೇದೇನ್ರಿ? ಸಲಾಯಿನ್ ಎಷ್ಟು ಹೋಗೇದ್ರಿ?” ಎಂದು ಡಾಕ್ಟರನ್ನು ಕೇಳುವುದಕ್ಕೆ ಪಾಟಲಿ ಒತ್ತೆ ಇಡಬೇಕಾಗಿಲ್ಲ. ಒಂದು 100 ಮಿಲಿಲೀಟರ್ ಬಾಟಲಿಗೆ ಮೂರು ನಾಲ್ಕು ಜನ ದಾನಿಗಳ ರಕ್ತದ ತಿಳಿ ಬೇಕು. ಬೆಲೆ ಏರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಸೂಚನೆಗಳು ಗಟ್ಟಿ ದನಿಯಲ್ಲಿ ಹೇಳಿದ ಮಾತು ಬೇರೆ ಇದೆ: ನಂಜಿನಿಂದ ಬಿ.ಪಿ. ಕುಸಿದವರಿಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಒಂದು ಗಂಟೆಯೊಳಗೆ ಬೀಳಬೇಕು. ಮೆಹಕರದಲ್ಲಿ ರಾತ್ರಿ ಜೀಪು ಹುಡುಕುವುದಕ್ಕೇ ಅಷ್ಟು ಹೊತ್ತು ಬೇಕು. ಜ್ವರದವರು ಹೆಸರು ತಪ್ಪಿ ಕರೆದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ, ಮೈ ಸುಡುತ್ತಿದ್ದು ಕೈಕಾಲು ತಣ್ಣಗಾದರೆ ಬೆಳಗಾಗುವುದನ್ನು ಕಾಯಬಾರದು. ಇದನ್ನು ಮೊದಲು ನೋಡುವವರು ಡಾಕ್ಟರಲ್ಲ, ಹಾಸಿಗೆಯ ಪಕ್ಕ ಕುಳಿತು ಹಣೆಗೆ ತಣ್ಣೀರ ಪಟ್ಟಿ ಹಾಕುತ್ತಿರುವವರು.