ನ್ಯಾಯಾಲಯದಲ್ಲಿ ಗೌರವ: ಕಾನೂನು ಬಯಸುವುದೇನು?

ಮೊದಲ ಬಾರಿಗೆ ನ್ಯಾಯಾಲಯಕ್ಕೆ ಹಾಜರಾಗುವ ಕಕ್ಷಿದಾರರು ಹಾಗೂ ಸಾಕ್ಷಿಗಳು, ಸಂಬೋಧನೆಯಲ್ಲಿ ತಪ್ಪಿದರೆ ಶಿಕ್ಷೆಯಾಗುವುದೆಂದು ಅಂಜುವುದುಂಟು. ಈ ಅಂಜಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಅಪರಾಧ: ವಿಚಾರಣೆ ನಡೆಸುತ್ತಿರುವ ನ್ಯಾಯಾಧೀಶರನ್ನು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಅಥವಾ ಕಲಾಪಕ್ಕೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ 267ನೇ ಕಲಂ ಅನ್ವಯ ಅಪರಾಧವಾಗಿದೆ. ಆರು ತಿಂಗಳವರೆಗೆ ಸಾದಾ ಕಾರಾವಾಸ, 5,000 ರೂ.ಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ತಿಳಿಯದೆ ಆದ ಲೋಪವು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ.

ವಿಮರ್ಶೆ: ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣಾವಗುಣಗಳನ್ನು ನ್ಯಾಯೋಚಿತವಾಗಿ ವಿಮರ್ಶಿಸುವುದು, ನ್ಯಾಯಾಲಯ ನಿಂದನೆ ಅಧಿನಿಯಮ, 1971ರ 5ನೇ ಕಲಂ ಪ್ರಕಾರ ನಿಂದನೆಯಾಗುವುದಿಲ್ಲ.

ಸಂಬೋಧನೆ: ಭಾರತೀಯ ವಕೀಲರ ಪರಿಷತ್ತಿನ 2006ರ ನಿಯಮವು ಉಚ್ಚ ನ್ಯಾಯಾಲಯಗಳಲ್ಲಿ ‘ಯುವರ್ ಆನರ್’ ಅಥವಾ ‘ಗೌರವಾನ್ವಿತ ನ್ಯಾಯಾಲಯ’ ಎಂದೂ, ಅಧೀನ ನ್ಯಾಯಾಲಯಗಳಲ್ಲಿ ‘ಸರ್’ ಎಂದೂ ಸಂಬೋಧಿಸಲು ಅವಕಾಶ ನೀಡಿದೆ. 2021ರಲ್ಲಿ ಬೆಂಗಳೂರಿನ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಪಿ. ಕೃಷ್ಣ ಭಟ್ ಹಾಗೂ ಜ್ಯೋತಿ ಮೂಲಿಮನಿ ಅವರು ತಮ್ಮನ್ನು ‘ಮೈ ಲಾರ್ಡ್’ ಎಂದು ಕರೆಯದಂತೆ ವಕೀಲರನ್ನು ಕೋರಿದ್ದರು.

ತಮ್ಮ ಸರದಿ ಬರುವವರೆಗೆ ಮೌನವಾಗಿರಬೇಕೆಂಬ ಶಿಸ್ತು, ಎದುರು ಪಕ್ಷದವರ ಅಹವಾಲೂ ಪೂರ್ಣವಾಗಿ ಕೇಳಿಬರಲೆಂಬ ಉದ್ದೇಶ ಹೊಂದಿದೆ. ಸರದಿ ಬಂದಾಗ ಸಾರ್ವಜನಿಕರು ತಮ್ಮ ಮಾತನ್ನು ಸಭ್ಯವಾಗಿ, ನಿರ್ಭೀತಿಯಿಂದ ನಿವೇದಿಸಿಕೊಳ್ಳಬಹುದಾಗಿದೆ.