ಬೆನ್ನೆಲುಬಿನ ಕ್ಷಯ: ಶಸ್ತ್ರಕ್ಕೆ ಮಿತಿ ಗೊತ್ತಾದ ಬಗೆ

ಬೆನ್ನೆಲುಬಿನ ಕ್ಷಯದ ಬಗ್ಗೆ ಎರಡೂವರೆ ಶತಮಾನದಿಂದ ವೈದ್ಯರು ಉತ್ತರ ಹುಡುಕುತ್ತ ಬಂದ ಪ್ರಶ್ನೆ ಒಂದೇ: ಯಾರಿಗೆ ಶಸ್ತ್ರ ಬೇಕು, ಯಾರಿಗೆ ಬೇಡ?

ರಕ್ತದ ಮೂಲಕ ಬಂದ ರೋಗಾಣು ಕಶೇರುಮಣಿಯ ಮುಂಭಾಗವನ್ನು ನಿಧಾನವಾಗಿ ತಿನ್ನುತ್ತದೆ. ಮಣಿ ಕುಸಿದರೆ ಬೆನ್ನು ಗೂನಾಗುತ್ತದೆ. ಕೀವು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಈ ಎರಡರ ನಂಟನ್ನು 1779ರಲ್ಲಿ ವಿವರಿಸಿದವರು ಲಂಡನ್ನಿನ ಪರ್ಸಿವಲ್ ಪಾಟ್. ಗೂನಿನ ಇಕ್ಕೆಲದಲ್ಲಿ ಗಾಯ ಮಾಡಿ ಕೀವು ಸೋರಿಸುವುದು ಅವರ ಚಿಕಿತ್ಸೆ. 1882ರಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನೇ ತೋರಿಸಿಕೊಟ್ಟರೂ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಆರೋಗ್ಯಧಾಮದ ಬಿಸಿಲು, ಪ್ಲಾಸ್ಟರ್ ಕವಚ, ತಿಂಗಳುಗಟ್ಟಲೆ ಹಾಸಿಗೆ, ಇವೇ ಗತಿ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬಿ ಬೇರೆಬೇರೆಯಾಗಿ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಪ್ರಕಟಿಸಿದರು. ಆಲ್ಬಿ ಅದಕ್ಕೆ ಮೊಣಕಾಲ ಕೆಳಗಿನ ಮೂಳೆಯ ತುಂಡನ್ನು ಬಳಸಿದರು.

ಕ್ಷಯದ ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಶಸ್ತ್ರಕ್ಕೆ ಧೈರ್ಯ ಬಂತು. 1956ರಲ್ಲಿ ಹಾಂಕಾಂಗಿನ ಹಾಡ್ಜ್‌ಸನ್ ಮತ್ತು ಸ್ಟಾಕ್ ಮುಂಭಾಗದಿಂದ ಒಳಹೊಕ್ಕು, ಕೊಳೆತ ಮೂಳೆ ತೆಗೆದು, ಅಲ್ಲಿ ಮೂಳೆಯ ನಾಟಿ ಹಾಕುವ ವಿಧಾನವನ್ನು ವರದಿ ಮಾಡಿದರು. ಆದರೆ ಅಂಥ ಸೌಕರ್ಯ ಎಲ್ಲ ಆಸ್ಪತ್ರೆಗಳಲ್ಲಿರಲಿಲ್ಲ. ವಾರಾಣಸಿಯ ಎಸ್. ಎಂ. ತುಲಿ 1975ರಲ್ಲಿ ‘ಮಧ್ಯಮ ಮಾರ್ಗ’ ಮುಂದಿಟ್ಟರು: ಮೊದಲು ಔಷಧಿ, ಅದಕ್ಕೆ ಬಗ್ಗದಿದ್ದರೆ ಅಥವಾ ನರದ ತೊಂದರೆ ಹೆಚ್ಚಿದರೆ ಮಾತ್ರ ಶಸ್ತ್ರ.

ಇದೇ ಕಾಲದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗಗಳು ಹಳೆಯ ನಂಬಿಕೆಗಳನ್ನು ಒಂದೊಂದಾಗಿ ಅಳೆದವು. ಕೊರಿಯಾದ ಮಸಾನ್, ಪುಸಾನ್‌ಗಳಲ್ಲಿ ಔಷಧಿ ಸರಿಯಾಗಿ ಕೊಟ್ಟಾಗ ಹಾಸಿಗೆ ವಿಶ್ರಾಂತಿಯಿಂದಾಗಲಿ, ಪ್ಲಾಸ್ಟರಿನಿಂದಾಗಲಿ ಹೆಚ್ಚಿನ ಲಾಭ ಕಾಣಲಿಲ್ಲ. ಹಾಂಕಾಂಗಿನಲ್ಲಿ ನಾಟಿ ಹಾಕಿಸಿಕೊಂಡವರಿಗೆ ಗೂನು ಕಡಿಮೆ ಬಂತು. ರಿಫಾಂಪಿಸಿನ್, ಐಸೊನಿಯಾಜಿಡ್ ಔಷಧಿಗಳ ಜೋಡಿಯನ್ನು ಮದರಾಸಿನಲ್ಲಿ ಪರೀಕ್ಷಿಸಿದಾಗ ಬಹುತೇಕ ರೋಗಿಗಳು ಮಾತ್ರೆಯಲ್ಲೇ ಗುಣವಾದರು.

ಆದರೆ ಸೋಂಕು ಗುಣವಾಗುವುದು ಬೇರೆ, ಬೆನ್ನು ನೇರವಾಗಿ ಉಳಿಯುವುದು ಬೇರೆ. ಮಕ್ಕಳಲ್ಲಿ ರೋಗ ಮಾಯವಾದ ಮೇಲೂ ಬೆಳವಣಿಗೆಯ ಜೊತೆಗೆ ಗೂನು ಹೆಚ್ಚಬಹುದು. ಯಾರಿಗೆ ಈ ಅಪಾಯವಿದೆಯೆಂದು ಮೊದಲೇ ಗುರುತಿಸಲು ತಮಿಳುನಾಡಿನ ಎಸ್. ರಾಜಶೇಖರನ್ 2001ರಲ್ಲಿ ಎಕ್ಸ್‌ರೇಯಲ್ಲಿ ಕಾಣುವ ನಾಲ್ಕು ಚಿಹ್ನೆಗಳನ್ನು ಸೂಚಿಸಿದರು.

ಎಂಆರ್‌ಐ ಈಗ ಮಣಿ ಕುಸಿಯುವ ಮೊದಲೇ ಸೋಂಕನ್ನು ತೋರಿಸುತ್ತದೆ. ಸೂಜಿಯಿಂದ ತೆಗೆದ ತುಣುಕಿನ ಜೀನ್ ಪರೀಕ್ಷೆ ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುವನ್ನು ಕೆಲವೇ ಗಂಟೆಗಳಲ್ಲಿ ಗುರುತಿಸುತ್ತದೆ. ಎಲ್ಲ ಬೆನ್ನುಸೋಂಕೂ ಕ್ಷಯವಲ್ಲವಾದ್ದರಿಂದ ಈ ತುಣುಕಿಗೆ ಇನ್ನೂ ಒಂದು ಕೆಲಸವಿದೆ: ರೋಗಾಣು ಯಾವುದೆಂದು ಹೇಳುವುದು. ಸ್ಟೆಫಿಲೊಕಾಕಸ್‌ನಂಥ ಕೀವುಗೂಡಿಸುವ ರೋಗಾಣುವಿಗೆ 6 ವಾರಗಳ ಆ್ಯಂಟಿಬಯಾಟಿಕ್ 12 ವಾರಗಳದ್ದಕ್ಕೆ ಸರಿಸಮವೆಂದು 2015ರ ಫ್ರೆಂಚ್ ಪ್ರಯೋಗ ತೋರಿಸಿದರೆ, ಬೆನ್ನಿನ ಕ್ಷಯಕ್ಕೆ ಭಾರತದ 2016ರ ಮಾರ್ಗಸೂಚಿ 12 ತಿಂಗಳ ಚಿಕಿತ್ಸೆ ಹೇಳುತ್ತದೆ. ರೋಗಾಣು ಯಾವುದೆಂದು ತಿಳಿಯದೆ ಶುರುಮಾಡಿದ ಚಿಕಿತ್ಸೆ ಈ ಎರಡರಲ್ಲಿ ಒಂದಕ್ಕಂತೂ ತಪ್ಪೇ ಆಗಿರುತ್ತದೆ. ಹಾಗಾಗಿ ತಿಂಗಳು ಕಳೆದರೂ ಬಿಡದ, ರಾತ್ರಿ ಹೆಚ್ಚುವ ಬೆನ್ನುನೋವಿಗೆ ಜ್ವರ, ತೂಕ ಇಳಿಕೆ ಜೊತೆಯಾದರೆ ಮುಲಾಮು ಹಚ್ಚುತ್ತ ಕೂರದೆ ಮೂಳೆ ವೈದ್ಯರನ್ನು ಕಾಣಬೇಕು.