ಲೆಕ್ಕದ ಮೇಷ್ಟರಿಗೊಂದು ಸ್ಕಾಲರ್‌ಷಿಪ್

ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ ನಮ್ಮ ಸಂಘದ ಹುಡುಗಿಯೊಬ್ಬಳನ್ನು "ಮುಂದೆ ಏನಮ್ಮಾ ಓದ್ತೀಯ?" ಎಂದು ಕೇಳಿದೆವು. "ಹೈಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರ್ ಆಗ್ತೀನಿ ಅಂಕಲ್" ಎಂದಳು. ಸುತ್ತಲಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದರು. ನಾವು ದೊಡ್ಡವರ ಹಾಗೆ, "ಅದೂ ಒಳ್ಳೇದೇ, ಆದರೆ ಮೊದಲು ಮೆಡಿಸಿನ್ನಿಗೆ ಪ್ರಯತ್ನ ಮಾಡಿ ನೋಡು" ಎಂದುಬಿಟ್ಟೆವು. ಅವಳು ನಕ್ಕು ತಟ್ಟೆಯ ಒಬ್ಬಟ್ಟಿನ ಕಡೆ ತಿರುಗಿದಳು. ಮನೆಗೆ ಬಂದ ಮೇಲೆ ನಮಗೆ ನಾಚಿಕೆಯಾಯಿತು. ನಮ್ಮನ್ನು ಮೆಡಿಕಲ್ ಸೀಟಿನ ತನಕ ಕೈಹಿಡಿದು ತಂದವರು ಹೈಸ್ಕೂಲಿನ ಲೆಕ್ಕದ ಮೇಷ್ಟರೇ ಅಲ್ಲವೆ?

ಆ ನಾಚಿಕೆಯಿಂದ ಹುಟ್ಟಿದ್ದು ಈ ಲೇಖನ. ಗಣಿತ, ವಿಜ್ಞಾನಗಳ ಶಿಕ್ಷಕರಾಗಲು ಹೊರಟ ವಿದ್ಯಾರ್ಥಿಗಳಿಗೆ ಈ ದೇಶದಲ್ಲಿ ಹಣ ಕೊಟ್ಟು ಓದಿಸುವ ಪದ್ಧತಿ ಹೇಗೆ ಬಂತು, ವಿಶ್ವವಿದ್ಯಾಲಯಗಳು ಅದನ್ನು ಹೇಗೆ ನಡೆಸುತ್ತವೆ, ಎಲ್ಲಿ ಎಡವಿದೆ ಎಂಬುದನ್ನು ನಮ್ಮ ಸದಸ್ಯರ ಮುಂದಿಡುವ ಆಸೆ.

ಕಥೆ ಶುರುವಾಗುವುದು ಆಕಾಶದಲ್ಲಿ. 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಜನ ತಲೆಯೆತ್ತಿ ಆಕಾಶ ನೋಡಿದರು, ಆಮೇಲೆ ತಲೆ ತಗ್ಗಿಸಿ ತಮ್ಮ ಶಾಲೆಗಳ ಕಡೆ ನೋಡಿದರು. ಒಂದು ವರ್ಷ ತುಂಬುವುದರೊಳಗೆ, 1958ರ ಸೆಪ್ಟೆಂಬರ್ 2ರಂದು, ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಕಾಲೇಜು ವಿದ್ಯಾರ್ಥಿಗಳಿಗೆ ವರ್ಷಕ್ಕೆ 1,000 ಡಾಲರ್ ವರೆಗೆ ಸಾಲ ಸಿಗುವಂತಾಯಿತು. ಅದರಲ್ಲೊಂದು ಜಾಣ ಷರತ್ತಿತ್ತು. ಸರ್ಕಾರಿ ಶಾಲೆಯಲ್ಲಿ ಪೂರ್ಣಾವಧಿ ಶಿಕ್ಷಕರಾದವರಿಗೆ ವರ್ಷಕ್ಕೆ ಶೇಕಡಾ 10ರಂತೆ ಐದು ವರ್ಷಗಳಲ್ಲಿ ಅರ್ಧ ಸಾಲ ಮನ್ನಾ. ಅಂದರೆ 3,000 ಡಾಲರ್ ಸಾಲ ಮಾಡಿದವರು ಐದು ವರ್ಷ ಪಾಠ ಹೇಳಿದರೆ 1,500 ಡಾಲರ್ ತೀರಿದ ಹಾಗೆ. 'ಪಾಠ ಹೇಳಿ ಋಣ ತೀರಿಸು' ಎಂಬ ಈ ತತ್ತ್ವವೇ ಮುಂದಿನ ಯೋಜನೆಗಳಿಗೆಲ್ಲ ಬುನಾದಿ.

ಆ ಕಾಲದ ಗಾಳಿ ನಮ್ಮ ನಾಡಿಗೂ ಬೀಸಿತು. 1963ರಲ್ಲಿ ಮೈಸೂರು, ಭೋಪಾಲ್, ಅಜ್ಮೀರ್, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಪ್ರಾರಂಭವಾದವು. ಇವಕ್ಕೆ ಸಲಹೆ ನೀಡಿದ್ದು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ. ಮೊದಲು ಬಿ.ಎಸ್‌ಸಿ., ಆಮೇಲೆ ಬಿ.ಎಡ್. ಎಂಬ ಎರಡು ಮೆಟ್ಟಿಲುಗಳ ಬದಲು, ವಿಷಯ ಮತ್ತು ಬೋಧನೆ ಎರಡನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಬಿ.ಎಸ್‌ಸಿ.ಎಡ್. ಪದವಿ ಅಲ್ಲಿಯ ವಿಶೇಷ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಆ ಕ್ಯಾಂಪಸ್ಸು ನಮ್ಮಲ್ಲಿ ಅನೇಕರಿಗೆ ಪರಿಚಿತ.

ಅದೇ ಓಹಾಯೋ ಸ್ಟೇಟ್‌ನಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಮರಳಿದವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗ 1935ರಲ್ಲಿ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದ ಕಥೆಯನ್ನು ಕೇಳದವರಾರು? ಅಮೆರಿಕದ ಡಾಕ್ಟರೇಟ್ ಹಿಡಿದು ಅವರು ಹಿಂದಿರುಗಿದ್ದು ಬಸವನಗುಡಿಯ ಪಾಠದ ಕೊಠಡಿಗೆ, ಹಾಸ್ಟೆಲಿನ ಸಣ್ಣ ಕೋಣೆಗೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಯಾವ ಕರಾರೂ ಅವರನ್ನು ಕಟ್ಟಿಹಾಕಿರಲಿಲ್ಲ.

ಎಲ್ಲರೂ ಎಚ್.ಎನ್. ಆಗಲಾರರು. ಅದಕ್ಕೇ ಯೋಜನೆಗಳು ಬೇಕು. 1983ರಲ್ಲಿ ಪ್ರಕಟವಾದ 'ಎ ನೇಷನ್ ಅಟ್ ರಿಸ್ಕ್' ವರದಿ 1981ರ ಒಂದು ಸಮೀಕ್ಷೆಯನ್ನು ಉದಾಹರಿಸಿತು. 45 ರಾಜ್ಯಗಳ ಪೈಕಿ 43ರಲ್ಲಿ ಗಣಿತ ಶಿಕ್ಷಕರ ಕೊರತೆ. ಭೌತಶಾಸ್ತ್ರದ ಶಿಕ್ಷಕರ ಕೊರತೆ ಎಲ್ಲ ಕಡೆ. ಕಾರಣ ಗುಟ್ಟೇನಲ್ಲ. ಗಣಿತ ಬಲ್ಲ ಪದವೀಧರನಿಗೆ ಕಂಪೆನಿಗಳು ಕೊಡುವ ಸಂಬಳದ ಮುಂದೆ ಶಾಲೆಯ ಸಂಬಳ ನಿಲ್ಲದು.

ಮುಂದಿನ ಎರಡು ಹೆಜ್ಜೆಗಳು ಮುಖ್ಯವಾದವು. 1997ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 'ಯು-ಟೀಚ್' ಪ್ರಾರಂಭವಾಯಿತು. ಗಣಿತ, ವಿಜ್ಞಾನ ಓದುವ ಹುಡುಗರನ್ನು ಆರಂಭದಲ್ಲೇ ಪ್ರಾಥಮಿಕ ಶಾಲೆಗೆ ಕರೆದೊಯ್ದು ಮಕ್ಕಳ ಮುಂದೆ ನಿಲ್ಲಿಸುವುದು ಅದರ ಕ್ರಮ. ಈ ಕೆಲಸ ಒಗ್ಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು, 2002ರ ಡಿಸೆಂಬರಿನಲ್ಲಿ ಕಾಯಿದೆಯಾದ ರಾಬರ್ಟ್ ನಾಯ್ಸ್ ವಿದ್ಯಾರ್ಥಿವೇತನ. ನಾಯ್ಸ್ ಅವರು ಇಂಟಿಗ್ರೇಟೆಡ್ ಸರ್ಕ್ಯೂಟಿನ ಜನಕರಲ್ಲೊಬ್ಬರು, 1968ರಲ್ಲಿ ಇಂಟೆಲ್ ಸ್ಥಾಪಿಸಿದವರಲ್ಲೊಬ್ಬರು.

ನಾಯ್ಸ್ ಯೋಜನೆಯ ಹಣ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಿಂದ ವಿಶ್ವವಿದ್ಯಾಲಯಕ್ಕೆ ಬರುತ್ತದೆ. ಗಣಿತ-ವಿಜ್ಞಾನ ವಿಭಾಗದ ಪ್ರಾಧ್ಯಾಪಕರೂ ಶಿಕ್ಷಣ ವಿಭಾಗದವರೂ ಒಟ್ಟಿಗೆ ಕೂತು ಅರ್ಜಿ ಬರೆಯಬೇಕು. ಹತ್ತಿರದ ಶಾಲಾ ಜಿಲ್ಲೆಯೊಂದನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಕಾಲೇಜಿನ ಮೂರನೆಯ, ನಾಲ್ಕನೆಯ ವರ್ಷದವರು, ಪದವಿ ಮುಗಿಸಿದವರು ಅರ್ಹರು. ಒಂದು ವರ್ಷದ ವೇತನ ಪಡೆದರೆ ಎರಡು ವರ್ಷ ಕಷ್ಟದ ಶಾಲಾ ಜಿಲ್ಲೆಯಲ್ಲಿ ಪಾಠ ಮಾಡಬೇಕು. ಬಡತನ ಹೆಚ್ಚಿರುವ, ಶಿಕ್ಷಕರು ನಿಲ್ಲದ, ಅಥವಾ ವಿಷಯ ಓದದವರೇ ಆ ವಿಷಯ ಕಲಿಸುತ್ತಿರುವ ಜಿಲ್ಲೆಗಳು ಈ ಲೆಕ್ಕಕ್ಕೆ ಬರುತ್ತವೆ. ಮಾತು ತಪ್ಪಿದರೆ ವೇತನವೇ ಸಾಲವಾಗಿ ಬದಲಾಗುತ್ತದೆ.

ಚೆಕ್ ಬರೆಯುವುದು ಇದರಲ್ಲಿ ಸುಲಭದ ಭಾಗ. ಯಾರನ್ನು ಆರಿಸುವುದು? ಅಂಕ ಒಳ್ಳೆಯದಿದ್ದು ಮಕ್ಕಳ ಗಲಾಟೆ ಸಹಿಸದವನನ್ನೋ, ಅಂಕ ಸ್ವಲ್ಪ ಕಡಿಮೆಯಿದ್ದು ತಾಳ್ಮೆ ಇರುವವಳನ್ನೋ? ಪದವಿಯ ನಂತರ ಅವರು ಎಲ್ಲಿದ್ದಾರೆ, ಪಾಠ ಮಾಡುತ್ತಿದ್ದಾರೆಯೇ ಎಂದು ವರ್ಷಗಟ್ಟಲೆ ವಿಚಾರಿಸುತ್ತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೊದಲ ವರ್ಷದ ಚಳಿಗಾಲದಲ್ಲಿ ಕಂಗೆಟ್ಟು ಫೋನ್ ಮಾಡುವ ಹೊಸ ಮೇಷ್ಟರಿಗೆ ಧೈರ್ಯ ಹೇಳುವ ಹಿರಿಯರೊಬ್ಬರು ಬೇಕು.

ಕರಾರನ್ನು ಕಾಗದದಲ್ಲೇ ನಂಬಿದರೆ ಏನಾಗುತ್ತದೆಂಬುದಕ್ಕೆ 2007ರಲ್ಲಿ ಕಾಯಿದೆಯಾದ ಟೀಚ್ ಗ್ರಾಂಟ್ ಸಾಕ್ಷಿ. ವರ್ಷಕ್ಕೆ 4,000 ಡಾಲರ್ ವರೆಗೆ ಅನುದಾನ. ಪ್ರತಿಯಾಗಿ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಬಡವರ ಶಾಲೆಯಲ್ಲಿ ಪಾಠ. ನಿಷ್ಠೆಯಿಂದ ಪಾಠ ಮಾಡುತ್ತಿದ್ದವರಲ್ಲೂ ಸಾವಿರಾರು ಮಂದಿಯ ಅನುದಾನ, ವಾರ್ಷಿಕ ಫಾರಂ ತಡವಾಯಿತು, ಸಹಿ ಬಿಟ್ಟುಹೋಯಿತು ಎಂಬಂಥ ಕಾರಣಗಳಿಂದ, ಬಡ್ಡಿಸಮೇತ ಸಾಲವಾಗಿಬಿಟ್ಟಿತು. 2018ರಲ್ಲಿ ಸುದ್ದಿಯಾದ ಮೇಲೆ ಸರ್ಕಾರ ಸರಿಪಡಿಸಲು ಮುಂದಾಯಿತು. ಪಾಠ ಹೇಳಿದವರಿಗೇ ದಂಡ!

ಕರಾರಿನ ಕೆಲಸದ ರುಚಿ ನಮಗೂ ಗೊತ್ತು. ಜೆ-1 ವೀಸಾದ ಮೇಲೆ ರೆಸಿಡೆನ್ಸಿ ಮುಗಿಸಿದ ವೈದ್ಯರು ಎರಡು ವರ್ಷ ಸ್ವದೇಶಕ್ಕೆ ಹೋಗಬೇಕೆಂಬ ಷರತ್ತಿನಿಂದ ಬಿಡುಗಡೆ ಬೇಕಾದರೆ, ವೈದ್ಯರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿಯಬೇಕು. ನಾವೂ ಹಾಗೆ ಒಂದು ಸಣ್ಣ ಊರಿಗೆ ದಿನ ಎಣಿಸುತ್ತಲೇ ಹೋದವರು. ಮೊದಲ ವರ್ಷ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆವು. ಎರಡನೆಯ ವರ್ಷ ಗೀಟು ಹಾಕುವುದು ಮರೆತುಹೋಯಿತು. ಅವಧಿ ಮುಗಿದ ಮೇಲೂ ಆರು ವರ್ಷ ಅಲ್ಲೇ ಇದ್ದೆವು. ನಮ್ಮನ್ನು ಆ ಊರಿಗೆ ಕಳುಹಿಸಿದ್ದು ಕರಾರು, ಉಳಿಸಿಕೊಂಡದ್ದು ವಾರಕ್ಕೊಮ್ಮೆ ಊಟಕ್ಕೆ ಕರೆಯುತ್ತಿದ್ದ ಹಿರಿಯ ವೈದ್ಯರ ಮನೆ. ಶಿಕ್ಷಕರ ವಿಷಯದಲ್ಲೂ ಇದೇ ನಿಜವೆಂದು ನಮ್ಮ ನಂಬಿಕೆ.

ಹಣ ಕೊಟ್ಟು ಓದಿಸುವುದು ನಮಗೆ ಹೊಸದೇನಲ್ಲ. ವಾರಾನ್ನ ಉಂಡು ಓದಿದ ತಾತಂದಿರು ನಮ್ಮ ಮನೆಗಳಲ್ಲೇ ಇದ್ದರು. ಅವರಿಗೆ ಅನ್ನವಿಟ್ಟ ತಾಯಂದಿರು ಕರಾರುಪತ್ರ ಬರೆಸಿಕೊಳ್ಳಲಿಲ್ಲ, ಆದರೆ "ಪರೀಕ್ಷೆ ಹೇಗಾಯ್ತಪ್ಪಾ?" ಎಂದು ಕೇಳುತ್ತಿದ್ದರು.

ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ನಮ್ಮದೊಂದು ವಿನಂತಿ. ಪ್ರತಿವರ್ಷ ಹೈಸ್ಕೂಲು ಮುಗಿಸುವ ನಮ್ಮ ಮಕ್ಕಳಿಗೆ ಸಂಘ ಕೊಡುವ ಬಹುಮಾನಗಳು ನಮಗೆ ನೆನಪಿರುವಷ್ಟು ಮಟ್ಟಿಗೆ ಡಾಕ್ಟರು, ಎಂಜಿನಿಯರು ಆಗುವವರಿಗೇ ಹೋಗಿವೆ. ಅದರಲ್ಲೊಂದನ್ನು ಶಿಕ್ಷಕರಾಗಲು ಹೊರಟ ಮಗುವಿಗೆ ಮೀಸಲಿಡೋಣ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ. ಕರಾರು ಬೇಡ. ಆ ಮಗುವಿನ ಮೊದಲ ವರ್ಷದ ಪಾಠದ ಚಳಿಗಾಲದಲ್ಲಿ ಊಟಕ್ಕೆ ಕರೆಯುವ ಮನೆಯೊಂದು ಇರಲಿ. ಮೊದಲ ಸರದಿ ನಮ್ಮ ಮನೆಯದು.

ಅಂದಹಾಗೆ, ಆ ಹುಡುಗಿಗೆ ನಾವು ಫೋನ್ ಮಾಡಿ ತಪ್ಪಾಯಿತೆಂದು ಹೇಳಿದ್ದೇವೆ. "ಪರವಾಗಿಲ್ಲ ಅಂಕಲ್, ನಮ್ಮಪ್ಪನಿಗೂ ಒಂದು ಸಲ ಹೇಳಿ" ಎಂದಳು. ಅವರಿಗೆ ಈ ಸಂಚಿಕೆ ತಲುಪುತ್ತದೆ.